ಕೋಡಿ ಮತ್ತು ತೂಬು

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದು. ಅದಕ್ಕೂ ಹಿಂದೆ ಕೋಡಿ ಬಿದ್ದಿದ್ದು 1933ರಲ್ಲಿ. ನಡುವೆ 89 ವರ್ಷ. ಈಗಲೂ ಮಾರಿಕಣಿವೆ ಅಂತಲೇ ಕರೆಯುವ ನಮ್ಮ ಕಡೆಯ ಜನ, ಅಜ್ಜಂದಿರ ಬಾಯಲ್ಲಿ ಕೇಳಿ ಮಾತ್ರ ಗೊತ್ತಿದ್ದ ದೃಶ್ಯವನ್ನು ನೋಡೋಕೆ ಗಾಡಿ ಮಾಡಿಕೊಂಡು ಹೋದರು. ನೀರು 130 ಅಡಿ ಮುಟ್ಟಿತು, ಹರಿಯಿತು. ಯಾರೂ ಗೇಟು ಎತ್ತಲಿಲ್ಲ, ಯಾರೂ ಗುಂಡಿ ಒತ್ತಲಿಲ್ಲ, ಯಾವ ಕಡತಕ್ಕೂ ಸಹಿ ಬೀಳಲಿಲ್ಲ.

ಸ್ಮಾರ್ಟ್ ಕಾಂಟ್ರ್ಯಾಕ್ಟ್ ಅಂದ್ರೇನು ಅಂತ ಯಾರಾದರೂ ಕೇಳಿದರೆ ನಾನು ಕೊಡುವ ಉದಾಹರಣೆ ಇದೇ. ಈ ಹೆಸರನ್ನು 1990ರ ದಶಕದಲ್ಲಿ ಬಳಕೆಗೆ ತಂದ ನಿಕ್ ಸಾಬೊ ವೆಂಡಿಂಗ್ ಮಷೀನಿನ ಉದಾಹರಣೆ ಕೊಟ್ಟಿದ್ದರು. ಕಾಸು ಹಾಕಿದರೆ ತಂಪು ಪಾನೀಯ ಬೀಳುತ್ತೆ, ಅಂಗಡಿಯವನ ಮುಖ ನೋಡಬೇಕಿಲ್ಲ. ನಮ್ಮ ಜಿಲ್ಲೆಯವರಿಗೆ ಕೋಡಿ ಇನ್ನೂ ಬೇಗ ಅರ್ಥವಾಗುತ್ತೆ. ಷರತ್ತು ತುಂಬಿತು, ಕೆಲಸ ಆಯಿತು. ಬ್ಲಾಕ್‌ಚೈನ್ ಇದಕ್ಕೆ ಸೇರಿಸೋದು ಒಂದೇ ಸಂಗತಿ: ಷರತ್ತು ಎಲ್ಲರಿಗೂ ಕಾಣುವ ಹಾಗೆ, ಯಾವನೊಬ್ಬನೂ ಗುಟ್ಟಾಗಿ ತಿದ್ದಲಾಗದ ಹಾಗೆ, ಸಾವಿರಾರು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಬರೆದಿರುತ್ತೆ.

ಆದರೆ ಕೆರೆಗೆ ಕೋಡಿ ಒಂದೇ ಇರೋದಿಲ್ಲ. ತೂಬೂ ಇರುತ್ತೆ. ತೂಬು ತಾನಾಗಿ ತೆಗೆಯೋದಿಲ್ಲ, ಅದನ್ನು ತೆಗೆಯೋಕೆ ನೀರುಗಂಟಿ ಬೇಕು. ಯಾರ ಗದ್ದೆ ಒಣಗಿದೆ, ಯಾರದು ಇನ್ನೆರಡು ದಿನ ತಡೆಯುತ್ತೆ, ಕೆರೆಯಲ್ಲಿ ಎಷ್ಟು ಉಳಿದಿದೆ ಅಂತ ನೋಡಿ ಅವನು ನೀರು ಬಿಡುತ್ತಿದ್ದ. ಎಷ್ಟೋ ಊರುಗಳಲ್ಲಿ ಈ ಕೆಲಸ ಸ್ವಂತ ಜಮೀನಿಲ್ಲದ ಮನೆಯವರದ್ದಾಗಿತ್ತು. ನೀರು ತನ್ನ ಹೊಲದ ಕಡೆಗೇ ತಿರುಗದಿರಲಿ ಅನ್ನೋ ಲೆಕ್ಕಾಚಾರ. ಈ ಕಾಲದ ಕಂಪನಿ ಭಾಷೆಯಲ್ಲಿ ಹೇಳೋದಾದರೆ ಅವನಿಗೆ ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಇರಲಿಲ್ಲ. ಆದರೆ ಊರಗೌಡ ಗದರಿದರೆ ಎದುರು ನಿಲ್ಲುವ ಶಕ್ತಿಯೂ ಅವನಿಗೆ ಇರಲಿಲ್ಲ.

ಸ್ಮಾರ್ಟ್ ಕಾಂಟ್ರ್ಯಾಕ್ಟಿನ ವಿಷಯದಲ್ಲಿ ನನ್ನನ್ನು ಕಾಡುವ ಪ್ರಶ್ನೆ ತಂತ್ರಜ್ಞಾನದ್ದಲ್ಲ, ನೀತಿಯದ್ದು. ಮನುಷ್ಯರು ಒಬ್ಬರಿಗೊಬ್ಬರು ಕೊಡುವ ಮಾತುಗಳಲ್ಲಿ ಯಾವುದು ಕೋಡಿಯ ಹಾಗಿರಬೇಕು, ಯಾವುದು ತೂಬಿನ ಹಾಗಿರಬೇಕು?

ಮೊದಲು ಕೋಡಿಯ ಪರವಾಗಿ ಮಾತಾಡೋಣ, ಯಾಕಂದ್ರೆ ಅದರ ಪರವಾದ ವಾದ ಬಲವಾಗಿದೆ. ಹಿಂದೆ ಊರುಗಳಲ್ಲಿ ದೆವ್ವ ಬರದಿರಲಿ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ಈಗ ಅದನ್ನು ಬರೆಯೋದು ಬಿಟ್ಟಿದ್ದಾರೆ, ಕೌಂಟರ್ ಹಿಂದೆ ಕೂತು ಬಾಯಲ್ಲೇ ಹೇಳ್ತಾರೆ. ಬಡವನಿಗೆ ಬರಬೇಕಾದ ಹಣ ಇನ್ನೊಬ್ಬನ ವಿವೇಚನೆ ಮೇಲೆ ನಿಂತಿದ್ದರೆ ಆ ವಿವೇಚನೆಗೊಂದು ರೇಟು ಇರುತ್ತೆ. ಬಸ್ ಚಾರ್ಜು, ಒಂದು ದಿನದ ಕೂಲಿ, ಮಧ್ಯವರ್ತಿಯ ಕೈಬಿಸಿ ಎಲ್ಲ ಸೇರಿ. ‘ಮನುಷ್ಯತ್ವ ಇರಲಿ, ಯಂತ್ರ ಬೇಡ’ ಅಂತ ಕವಿತೆ ಥರ ಹೇಳೋರು ಒಂದು ಸಲ ಈ ಸಾಲಿನಲ್ಲಿ ನಿಂತು ನೋಡಬೇಕು.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಬ್ಲಾಕ್‌ಚೈನ್ ಇಲ್ಲದಿದ್ದರೂ ಸ್ವಭಾವದಲ್ಲಿ ಅದು ಸ್ಮಾರ್ಟ್ ಕಾಂಟ್ರ್ಯಾಕ್ಟೇ: ಹವಾಮಾನ ಆಧಾರಿತ ಬೆಳೆ ವಿಮೆ. ಅಡಿಕೆ, ದಾಳಿಂಬೆಯಂಥ ತೋಟದ ಬೆಳೆಗಳಿಗೆ ಇದು ಅನ್ವಯಿಸುತ್ತೆ. ಹೊಳಲ್ಕೆರೆ, ಹೊಸದುರ್ಗದ ತೋಟದವರಿಗೆ ಚೆನ್ನಾಗಿ ಗೊತ್ತು. ರೈತ ವಿಮಾ ಮೊತ್ತದ ಶೇ 5ರಷ್ಟು ಕಂತು ಕಟ್ಟುತ್ತಾನೆ, ಉಳಿದದ್ದು ಸರ್ಕಾರಗಳ ಪಾಲು. ಇಂಥ ತಿಂಗಳಲ್ಲಿ ಮಳೆ ಇಷ್ಟು ಮಿಲಿಮೀಟರ್‌ಗಿಂತ ಕಡಿಮೆಯಾದರೆ ಅಥವಾ ಇಷ್ಟಕ್ಕಿಂತ ಜಾಸ್ತಿಯಾದರೆ ಇಂತಿಷ್ಟು ಪರಿಹಾರ ಅಂತ ಮೊದಲೇ ಬರೆದಿರುತ್ತೆ. ತೋಟಕ್ಕೆ ಬಂದು ಯಾರೂ ನಷ್ಟ ನೋಡಬೇಕಿಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕ ಏನು ಹೇಳುತ್ತೋ ಅದೇ ತೀರ್ಪು. ಈರುಳ್ಳಿ, ಶೇಂಗಾ, ಮೆಕ್ಕೆಜೋಳಕ್ಕೆ ಇರುವ ಇಳುವರಿ ಆಧಾರದ ವಿಮೆಯಲ್ಲಾದರೆ ಬೆಳೆ ಕಟಾವು ಪ್ರಯೋಗ ಆಗಬೇಕು, ಅಧಿಕಾರಿ ಬರಬೇಕು, ಸರಾಸರಿ ಲೆಕ್ಕ ಹಾಕಬೇಕು. ಅದಕ್ಕೆ ಹೋಲಿಸಿದರೆ ಮಳೆಮಾಪಕದ ವಿಮೆ ಬಹಳ ಸ್ವಚ್ಛ.

ಕೀನ್ಯಾದಲ್ಲಿ ಎಥೆರಿಸ್ಕ್ ಎಂಬ ಸಂಸ್ಥೆ ಏಕರ್ ಆಫ್ರಿಕಾ ಜೊತೆ ಸೇರಿ ಇದನ್ನೇ ಬ್ಲಾಕ್‌ಚೈನ್ ಮೇಲೆ ಮಾಡಿದೆ. ಹವಾಮಾನದ ಅಂಕಿಅಂಶ ಷರತ್ತಿಗೆ ಮುಟ್ಟಿದರೆ ಪರಿಹಾರ ಮೊಬೈಲ್ ಹಣವಾಗಿ ರೈತನ ಫೋನಿಗೆ ಬರುತ್ತೆ. ಕ್ರಿಪ್ಟೊ ಅಂದ್ರೆ ಬರೀ ಜೂಜು ಅಂತ ತಿಳಿದವರು ಇದನ್ನು ಗಮನಿಸಬೇಕು.

ಈಗ ತೊಡಕಿಗೆ ಬರೋಣ. ಹೊಸದುರ್ಗದ ಕಡೆ ನನ್ನ ಸೋದರಮಾವನದೊಂದು ಅಡಿಕೆ ತೋಟವಿದೆ. ಒಂದು ವರ್ಷ ತೋಟ ಒಣಗಿತು, ಪರಿಹಾರ ಬರಲಿಲ್ಲ. ಯಾಕೆ ಅಂತ ಕೇಳಿದೆ. ‘ಮಳೆ ಬಂದಿದ್ದು ಪಂಚಾಯ್ತಿ ಆಫೀಸಿನ ಮೇಲೆ ಕಣಪ್ಪ, ನನ್ನ ತೋಟದ ಮೇಲಲ್ಲ’ ಅಂದ. ನಮ್ಮ ಬಯಲುಸೀಮೆ ಮಳೆಯ ಗುಣ ಗೊತ್ತಿರೋರಿಗೆ ಇದು ತಮಾಷೆಯಲ್ಲ. ರಸ್ತೆಯ ಆ ಬದಿ ತೊಯ್ದು ತೊಪ್ಪೆ, ಈ ಬದಿ ಧೂಳು. ಬ್ಲಾಕ್‌ಚೈನಿನವರು ಹೊರಗಿನ ಲೋಕದ ಸುದ್ದಿಯನ್ನು ಒಳಗೆ ತಂದು ಕೊಡುವ ವ್ಯವಸ್ಥೆಗೆ ‘ಒರಾಕಲ್’ ಅಂತಾರೆ. ಇಲ್ಲಿ ಮಳೆಮಾಪಕವೇ ಒರಾಕಲ್. ಅದು ಸುಳ್ಳು ಹೇಳಿರಲಿಲ್ಲ, ಮಾವನೂ ಸುಳ್ಳು ಹೇಳಿರಲಿಲ್ಲ. ಒಪ್ಪಂದ ಅಕ್ಷರಶಃ ಪಾಲನೆಯಾಯಿತು, ತೋಟ ಅಕ್ಷರಶಃ ಒಣಗಿತು.

ಇಂಥ ಕಡೆ ನಮ್ಮ ಇಂಜಿನಿಯರ್ ಗೆಳೆಯರು ತಕ್ಷಣ ಹೇಳೋದು: ‘ಸೆನ್ಸರ್ ಜಾಸ್ತಿ ಮಾಡಿ, ಉಪಗ್ರಹದ ಚಿತ್ರ ಸೇರಿಸಿ.’ ಸರಿ, ಮಾಡೋಣ. ಅಂತರ ಕಡಿಮೆಯಾಗುತ್ತೆ, ಇಲ್ಲವಾಗೋದಿಲ್ಲ. ಯಾವತ್ತೋ ಕೂತು ಬರೆದ ಷರತ್ತಿಗೂ ಇವತ್ತು ನಿಜವಾಗಿ ನಡೆದ ಸಂಗತಿಗೂ ನಡುವೆ ಒಂದು ಬಿರುಕು ಇದ್ದೇ ಇರುತ್ತೆ. ಆ ಬಿರುಕಿಗೆ ಬಿದ್ದವನು ಎಲ್ಲಿಗೆ ಹೋಗಬೇಕು?

ಮತ್ತೆ ಮಾರಿಕಣಿವೆಯ ನೀರಿಗೆ ಬನ್ನಿ. 2022ರಲ್ಲಿ ಹಿರಿಯೂರಿನವರು ಕೋಡಿ ನೋಡಿ ಸಂಭ್ರಮಿಸುತ್ತಿದ್ದಾಗ ಮೇಲ್ಗಡೆ ಹೊಸದುರ್ಗ ತಾಲೂಕಿನಲ್ಲಿ ಹಿನ್ನೀರು ತೋಟಗಳಿಗೆ, ಮನೆಗಳಿಗೆ ನುಗ್ಗಿತ್ತು. ನೀರಿನ ಮಟ್ಟ ಇಳಿಸಿ ಅಂತ ಆ ಕಡೆಯವರು, ಒಂದಡಿಯೂ ಇಳಿಸಬೇಡಿ ಅಂತ ಈ ಕಡೆಯವರು. ಎರಡೂ ಕಡೆ ರೈತರೇ. ತಾನಾಗಿ ಹರಿಯುವ ಕೋಡಿಯ ಬಗ್ಗೆ ಆಗ ಒಂದು ಸತ್ಯ ಹೊರಬಿತ್ತು. ಕೋಡಿ ತಾನಾಗಿ ಹರಿಯುತ್ತೆ ನಿಜ, ಆದರೆ ಕೋಡಿಯ ಎತ್ತರ ತಾನಾಗಿ ಬಂದಿದ್ದಲ್ಲ. ಅದು ನೂರು ವರ್ಷಕ್ಕೂ ಹಿಂದೆ ಯಾರೋ ಮಾಡಿದ ತೀರ್ಮಾನ. ಇವತ್ತು ಮುಳುಗಿದವನು ಆ ದಿನ ಅಲ್ಲಿ ಇರಲಿಲ್ಲ.

ತಾನಾಗಿ ನಡೆಯುವ ಎಲ್ಲ ಒಪ್ಪಂದಗಳ ಗುಟ್ಟೂ ಇದೇ ಅನ್ನೋದು ನನ್ನ ನಂಬಿಕೆ. ಅವು ಮನುಷ್ಯನ ತೀರ್ಮಾನವನ್ನು ತೆಗೆದುಹಾಕೋದಿಲ್ಲ. ಅದನ್ನು ಹಿಂದಿನ ದಿನಕ್ಕೆ, ಬೇರೆ ಕೋಣೆಗೆ ಒಯ್ಯುತ್ತವೆ ಅಷ್ಟೆ. ‘ನಾವೇನು ಮಾಡೋಣ, ಸಿಸ್ಟಮ್ ಹಾಗಿದೆ’ ಅನ್ನುವ ಮಾತು ಅಲ್ಲಿ ಹುಟ್ಟುತ್ತೆ.

ಇದನ್ನು ಕ್ರಿಪ್ಟೊ ಲೋಕವೇ ತೋರಿಸಿಕೊಟ್ಟಿದೆ. ‘ಕೋಡ್ ಈಸ್ ಲಾ’, ಅಂದ್ರೆ ಬರೆದ ಪ್ರೋಗ್ರಾಮೇ ಕಾನೂನು ಅನ್ನೋದು ಅವರ ಘೋಷವಾಕ್ಯ. 2016ರ ಜೂನ್‌ನಲ್ಲಿ ಈಥೀರಿಯಮ್ ಮೇಲಿದ್ದ ‘ದ ಡಾವೊ’ ಎಂಬ ಸಾಮೂಹಿಕ ನಿಧಿಯ ಪ್ರೋಗ್ರಾಮಿನಲ್ಲಿದ್ದ ಲೋಪ ಬಳಸಿ ಯಾರೋ ಸುಮಾರು 36 ಲಕ್ಷ ಈಥರ್ ಎಳೆದುಕೊಂಡರು. ಪ್ರೋಗ್ರಾಮ್ ಏನು ಬಿಟ್ಟುಕೊಡುತ್ತಿತ್ತೋ ಅಷ್ಟನ್ನೇ ಅವರು ಮಾಡಿದ್ದರು. ಹಾಗಾದರೆ ಅದು ಕಳ್ಳತನವೋ ಅಲ್ಲವೋ? ಒಂದು ತಿಂಗಳ ಜಗಳದ ನಂತರ, ಜುಲೈನಲ್ಲಿ, ಬಹುಪಾಲು ಜನ ಸೇರಿ ಲೆಕ್ಕದ ಪುಸ್ತಕವನ್ನೇ ತಿದ್ದಿ ಹಣ ವಾಪಸ್ ಕೊಡಿಸಿದರು. ‘ಮಾತು ಅಂದ್ರೆ ಮಾತು, ತಿದ್ದೋ ಹಾಗಿಲ್ಲ’ ಅಂದವರು ಹಳೆಯ ಸರಪಳಿಯಲ್ಲೇ ಉಳಿದರು. ಅದೇ ಇವತ್ತಿನ ಈಥೀರಿಯಮ್ ಕ್ಲಾಸಿಕ್. ನಾನು ಇದರಲ್ಲಿ ಯಾರನ್ನೂ ಗೇಲಿ ಮಾಡೋದಿಲ್ಲ. ನ್ಯಾಯಾಧೀಶರೇ ಬೇಡ ಅಂತ ಕಟ್ಟಿದ ಊರಿನಲ್ಲೂ ಕೊನೆಗೆ ಜನ ಪಂಚಾಯಿತಿ ಕಟ್ಟೆಗೇ ಬಂದು ಕೂತರು. ಕೂರಲೇಬೇಕಾಯಿತು.

ಪಂಚಾಯಿತಿ ಅಂದಾಗ ನಮ್ಮ ಕಡೆಯವರಿಗೆ ಸಿರಿಗೆರೆ ನೆನಪಾಗುತ್ತೆ. ಅಲ್ಲಿನ ತರಳಬಾಳು ಮಠದಲ್ಲಿ ಸೋಮವಾರದ ಸದ್ಧರ್ಮ ನ್ಯಾಯಪೀಠ ನಡೆಯುತ್ತೆ. ಜಮೀನು, ದಾಯಾದಿ ಪಾಲು, ಗಂಡ ಹೆಂಡಿರ ಜಗಳ, ಎಲ್ಲ ಬರುತ್ತೆ. ಅಲ್ಲಿ ಪತ್ರದಲ್ಲಿ ಏನಿದೆ ಅನ್ನೋದರ ಜೊತೆ ಪತ್ರ ಆಗುವಾಗ ಏನು ನಡೆದಿತ್ತು, ಈಗ ಯಾರ ಸ್ಥಿತಿ ಏನು ಅನ್ನೋದನ್ನೂ ಕೇಳುತ್ತಾರೆ. ಜನ ಬರೋದು ಈ ಕೇಳಿಸಿಕೊಳ್ಳುವಿಕೆಗಾಗಿ. ಹಾಗಂತ ಇದನ್ನು ಎಲ್ಲ ಕಡೆ ಮಾದರಿ ಅಂತ ಎತ್ತಿ ಹಿಡಿಯೋಕೂ ನನಗೆ ಮನಸ್ಸಿಲ್ಲ. ಕೂತವರ ಗುಣದ ಮೇಲೆ ನಿಂತ ನ್ಯಾಯ, ಕೂತವರು ಬದಲಾದರೆ ಬದಲಾಗುತ್ತೆ. ಹೊರಗಿನವನಿಗೆ, ಹೆಣ್ಣುಮಗಳಿಗೆ, ಬೇರೆ ಜಾತಿಯವನಿಗೆ ಪ್ರತಿ ಊರಿನ ಕಟ್ಟೆಯೂ ಒಂದೇ ಥರ ಕಿವಿ ಕೊಡೋದಿಲ್ಲ.

ಹಾಗಾದರೆ ಆಯ್ಕೆ ಹೇಗೆ? ನಾನು ಕಂಡುಕೊಂಡ ಅಳತೆಗೋಲು ಸರಳ. ಬಲವಾದವನು ದುರ್ಬಲನಿಗೆ ಕೊಟ್ಟ ಮಾತು ಕೋಡಿಯಾಗಲಿ, ತಾನಾಗಿ ಹರಿಯಲಿ. ದುರ್ಬಲ ಬಲವಾದವನಿಗೆ ಕೊಟ್ಟ ಮಾತು ತೂಬಾಗಲಿ, ಹರಿಯುವ ಮುಂಚೆ ಒಬ್ಬರು ನೋಡಲಿ.

ಈಗ ನಮ್ಮ ಸುತ್ತ ಇರೋದು ಇದರ ಉಲ್ಟಾ. ನಿಮ್ಮ ಇಎಂಐ ಐದನೇ ತಾರೀಕು ಬೆಳಗ್ಗೆ ತಾನಾಗಿ ಕಟ್ ಆಗುತ್ತೆ. ಖಾತೆಯಲ್ಲಿ ನೂರು ರೂಪಾಯಿ ಕಡಿಮೆಯಿದ್ದರೆ ಬೌನ್ಸ್ ಚಾರ್ಜೂ ತಾನಾಗಿ ಬೀಳುತ್ತೆ. ಅಪ್ಪ ಆಸ್ಪತ್ರೆಯಲ್ಲಿದ್ದಾರೋ, ಕಂಪನಿ ಸಂಬಳ ತಡ ಮಾಡಿತೋ ಅಂತ ಅದು ಕೇಳೋದಿಲ್ಲ. ಅದೇ ಆಸ್ಪತ್ರೆ ಬಿಲ್ಲಿನ ವಿಮೆ ಹಣ ಬರಬೇಕಾದರೆ? ಹದಿನೆಂಟು ದಾಖಲೆ, ನಾಲ್ಕು ಇಮೇಲ್, ‘ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ’. ಕೊಡೋದಕ್ಕೆ ಕೋಡಿ, ಪಡೆಯೋದಕ್ಕೆ ತೂಬು. ಅದರ ಕೀಲಿಯೂ ಅವರ ಹತ್ತಿರವೇ. ತಂತ್ರಜ್ಞಾನ ತಾನಾಗಿ ಯಾರ ಪರವೂ ಅಲ್ಲ, ನಿಜ. ಆದರೆ ಅದನ್ನು ಬರೆಸುವವನು ಯಾವಾಗಲೂ ಯಾರೋ ಒಬ್ಬನ ಪರ ಇರುತ್ತಾನೆ.

ನಮ್ಮ ಹಳೆಯ ಕಾನೂನಿಗೆ ಇದು ಗೊತ್ತಿತ್ತು ಅನಿಸುತ್ತೆ. 1872ರ ಭಾರತೀಯ ಕರಾರು ಕಾಯ್ದೆಯ 63ನೇ ಕಲಂ ಓದಿ. ಬರಬೇಕಾದ್ದನ್ನು ಪಡೆಯುವವನು ಅದನ್ನು ಪೂರ್ತಿಯಾಗಿಯೋ ಭಾಗಶಃವೋ ಬಿಟ್ಟುಬಿಡಬಹುದು, ಗಡುವು ಮುಂದೆ ಹಾಕಬಹುದು ಅನ್ನೋದು ಅದರ ತಾತ್ಪರ್ಯ. ಅಂದ್ರೆ ‘ಹೋಗಲಿ ಬಿಡಪ್ಪ, ಮುಂದಿನ ಸುಗ್ಗಿಗೆ ಕೊಡು’ ಅನ್ನುವ ಮಾತಿಗೆ ಕಾನೂನಿನಲ್ಲಿ ಜಾಗ ಇದೆ. 56ನೇ ಕಲಂ, ಮಾಡೋಕೇ ಆಗದ ಕೆಲಸದ ಕರಾರು ಅನೂರ್ಜಿತ ಅನ್ನುತ್ತೆ. ಬದಲಾಯಿಸಲಾಗದ ಪ್ರೋಗ್ರಾಮಿಗೆ ಈ ಎರಡೂ ಕಲಂ ಬರೆದೇ ಸೇರಿಸಬೇಕು, ಅದಾಗೇ ಬರೋದಿಲ್ಲ.

ಸೇರಿಸೋಕೆ ಆಗುತ್ತೆ ಅನ್ನೋದೂ ಮುಖ್ಯ. ತಡೆಹಿಡಿಯುವ ಗುಂಡಿ ಇಡಬಹುದು, ಮೂವರಲ್ಲಿ ಇಬ್ಬರ ಸಹಿ ಬೇಕು ಅನ್ನಬಹುದು, ಹಣ ಹರಿಯುವ ಮುಂಚೆ ಎರಡು ದಿನದ ಕಾಯುವಿಕೆ ಹಾಕಬಹುದು. ಆದರೆ ಹಾಗೆ ಮಾಡಿದ ಕ್ಷಣ ಹೊಸ ಪ್ರಶ್ನೆ ಏಳುತ್ತೆ: ಆ ಕೀಲಿ ಯಾರ ಕೈಯಲ್ಲಿದೆ? ಅಂದ್ರೆ ನೀರುಗಂಟಿ ಯಾರು, ಅವನಿಗೆ ಸ್ವಂತ ಹೊಲ ಇದೆಯಾ? ಸರ್ಕಾರದ ನಿಯಂತ್ರಣ ಬೇಕಾಗಿರೋದು ಇಲ್ಲಿಗೆ.

ನಮ್ಮಲ್ಲಿ ನಿಯಂತ್ರಣ ಹೇಗೆ ಬಂತು ನೋಡಿ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕ್ ಬಾಗಿಲು ಮುಚ್ಚಿಸಿತು. ಅದೇ ಅಕ್ಟೋಬರ್‌ನಲ್ಲಿ, ನಮ್ಮ ಪಕ್ಕದ ತುಮಕೂರಿನಲ್ಲಿ ಶುರುವಾದ ಯುನೋಕಾಯಿನ್ ಬೆಂಗಳೂರಿನ ಮಾಲ್ ಒಂದರಲ್ಲಿ ಕ್ರಿಪ್ಟೊ ಎಟಿಎಂ ಇಟ್ಟಾಗ ಪೊಲೀಸರು ಯಂತ್ರ ಜಪ್ತಿ ಮಾಡಿ ಸ್ಥಾಪಕರನ್ನು ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ರದ್ದು ಮಾಡಿತು. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ 30 ತೆರಿಗೆ, ಜುಲೈನಿಂದ ವಹಿವಾಟಿನ ಮೇಲೆ ಶೇ 1 ಟಿಡಿಎಸ್. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. 2023ರ ಮಾರ್ಚ್‌ನಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಸೇರಿತು. ಇವೆಲ್ಲ ಸರ್ಕಾರಕ್ಕೆ ಬೇಕಾದ ಕೋಡಿಗಳು: ತೆರಿಗೆ ತಾನಾಗಿ ಹರಿದು ಬರಲಿ, ಕಳ್ಳ ಹಣದ ಜಾಡು ಸಿಗಲಿ. ತಪ್ಪಲ್ಲ. ಆದರೆ ಗ್ರಾಹಕನ ತೂಬು ಎಲ್ಲಿ? 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾದಾಗ, ಇಲ್ಲಿ ಟಿಡಿಎಸ್ ಕಟ್ಟಿದ ಲಕ್ಷಾಂತರ ಭಾರತೀಯರ ಹಣ ವಾಪಸಾತಿಯ ಪ್ರಕರಣ ನಡೆದದ್ದು ಸಿಂಗಾಪುರದ ಕೋರ್ಟಿನಲ್ಲಿ.

ಬೇರೆ ಕಡೆ ನಮ್ಮ ನಿಯಂತ್ರಕರು ತೂಬು ಇಡೋದನ್ನು ಕಲಿತಿದ್ದಾರೆ. ಕಾರ್ಡ್ ಮತ್ತು ಯುಪಿಐ ಮೇಲಿನ ಆಟೋ ಡೆಬಿಟ್‌ಗೆ 24 ಗಂಟೆ ಮೊದಲು ತಿಳಿಸಬೇಕು ಅನ್ನೋ ನಿಯಮ ತಂದರು. 2022ರ ಸೆಪ್ಟೆಂಬರ್‌ನಲ್ಲಿ ಬಂದ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲಿ, ಆ್ಯಪ್ ಸಾಲ ತೆಗೆದುಕೊಂಡವನು ಮನಸ್ಸು ಬದಲಾಯಿಸಿ ದಂಡವಿಲ್ಲದೆ ವಾಪಸ್ ಕಟ್ಟಲು ಒಂದು ಅವಧಿ ಕೊಡಬೇಕು ಅಂದರು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲದವರ ಬಲವಂತದ ವಸೂಲಿ ವಿರುದ್ಧ ಸುಗ್ರೀವಾಜ್ಞೆ ತಂದಿದ್ದೂ ಇದೇ ಅರ್ಥದಲ್ಲಿ. ಈ ಮೂರರಲ್ಲೂ ಇರೋದು ಒಂದೇ ಸೂತ್ರ: ಹಣ ದುರ್ಬಲನಿಂದ ಹೊರಗೆ ಹರಿಯುವ ಮುಂಚೆ ಒಂದು ಉಸಿರಿನಷ್ಟು ಸಮಯ. ನಾಳೆ ಸ್ಮಾರ್ಟ್ ಕಾಂಟ್ರ್ಯಾಕ್ಟಿಗೆ ಕಾನೂನು ಬರೆಯುವವರು ಇದನ್ನೇ ಮುಂದುವರಿಸಬಹುದು. ಕೀಲಿ ಹಿಡಿದವನ ಹೆಸರು ವಿಳಾಸ ಭಾರತದಲ್ಲಿ ಇರಲಿ. ಷರತ್ತು ಕನ್ನಡದಲ್ಲೂ ಓದೋಕೆ ಸಿಗಲಿ. ಒರಾಕಲ್ ಹೇಳಿದ್ದನ್ನು ಪ್ರಶ್ನಿಸೋಕೆ ಒಂದು ಕಿಟಕಿ ಇರಲಿ.

ಇದು ಇನ್ನು ಮುಂದೆ ಕ್ರಿಪ್ಟೊ ಹುಚ್ಚಿನವರ ಚರ್ಚೆ ಮಾತ್ರ ಅಲ್ಲ. 2022ರ ಡಿಸೆಂಬರ್ 1ರಂದು ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿ ಜನಸಾಮಾನ್ಯರ ನಡುವೆ ಪ್ರಯೋಗಕ್ಕೆ ಬಂದಾಗ ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. 2024ರ ಫೆಬ್ರವರಿಯಲ್ಲಿ ಅದಕ್ಕೆ ಷರತ್ತು ಹಾಕುವ ಸೌಲಭ್ಯವನ್ನೂ ಸೇರಿಸುವುದಾಗಿ ಬ್ಯಾಂಕು ಹೇಳಿತು. ಇಂಥದ್ದಕ್ಕೆ ಮಾತ್ರ, ಇಂಥ ದಿನದೊಳಗೆ ಮಾತ್ರ ಖರ್ಚಾಗುವ ಹಣ. ರೈತನಿಗೆ ಬೀಜಕ್ಕೆ ಅಂತ ಕೊಟ್ಟ ಹಣ ಬೀಜಕ್ಕೇ ಹೋಗುತ್ತೆ. ಒಳ್ಳೆಯದೇ. ಆದರೆ ಅವತ್ತೇ ಮಗುವಿಗೆ ಜ್ವರ ಬಂದರೆ? ಕೋಡಿಯ ಎತ್ತರ ಇಡೋರು ಆ ರಾತ್ರಿಯನ್ನೂ ಊಹಿಸಿಕೊಂಡಿರಬೇಕು.

ನನ್ನ ಅಳತೆಗೋಲಿಗೆ ಜಗ್ಗದ ಪ್ರಕರಣಗಳೂ ಇವೆ ಅನ್ನೋದನ್ನು ಮುಚ್ಚಿಡೋದಿಲ್ಲ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಖೇಣಿ ಕೊಡೋದು ನೋಡಿ. ಖೇಣಿದಾರ ಮರದ ಮೇಲಿರುವ ಫಸಲು ನೋಡಿ ಮಾತಾಡ್ತಾನೆ, ಮುಂಗಡ ಕೊಡ್ತಾನೆ, ಕೊಯ್ಲು ಅವನದು, ಸುಲಿಯೋದು ಬೇಯಿಸೋದು ಅವನದು. ರೇಟು ಏರಿದರೆ ತೋಟದವನಿಗೆ ಹೊಟ್ಟೆಯುರಿ, ರೇಟು ಬಿದ್ದರೆ ಖೇಣಿದಾರನಿಗೆ ನಿದ್ದೆಯಿಲ್ಲ. ಇದನ್ನು ಸ್ಮಾರ್ಟ್ ಕಾಂಟ್ರ್ಯಾಕ್ಟ್ ಮಾಡಿ ಹಣ ಮೊದಲೇ ಕಟ್ಟಿಸಿಕೊಂಡರೆ ಮಾತು ತಪ್ಪಿಸಿ ಓಡಿಹೋಗೋರು ಇರೋದಿಲ್ಲ. ಸರಿ. ಆದರೆ ಸಣ್ಣ ಖೇಣಿದಾರ ಬಡ್ಡಿಗೆ ಸಾಲ ತಂದವನು. ತೋಟದವನು ಕೆಲವೊಮ್ಮೆ ಅವನಿಗಿಂತ ಗಟ್ಟಿ ಕುಳ. ಇಲ್ಲಿ ಬಲವಾದವನು ಯಾರು? ಒಂದು ವರ್ಷ ಇವನು, ಇನ್ನೊಂದು ವರ್ಷ ಅವನು. ತೂಕ, ತಾರೀಕು, ಮುಂಗಡ ಇವನ್ನು ಕೋಡಿಗೆ ಬಿಟ್ಟು, ಅಕಾಲ ಮಳೆಯೋ ರೇಟು ಕುಸಿತವೋ ಆದಾಗಿನ ಹೊಂದಾಣಿಕೆಯನ್ನು ಮಾತಿಗೆ ಬಿಡಬೇಕು ಅನ್ನೋದು ನನ್ನ ಅಂದಾಜು. ಆ ಮಾತು ಆಡೋಕೆ ಇಬ್ಬರೂ ಒಂದು ಕಡೆ ಕೂರಬೇಕು. ಅದನ್ನು ಪ್ರೋಗ್ರಾಮ್ ಮಾಡಲಾಗದು.

ನಮ್ಮಲ್ಲಿ ಎಷ್ಟೋ ಜನ ಇಂಥ ಪ್ರೋಗ್ರಾಮ್‌ಗಳನ್ನು ಬರೆಯೋರು, ಟೆಸ್ಟ್ ಮಾಡೋರು, ಅವುಗಳಿಗೆ ನಿಯಮ ರೂಪಿಸೋರು. ಡಿಸೈನ್ ಮೀಟಿಂಗಿನಲ್ಲಿ ‘ಇದು ಆಟೋಮ್ಯಾಟಿಕ್ ಆಗಲಿ’ ಅಂತ ಯಾರಾದರೂ ಅಂದಾಗ ಎರಡು ಪ್ರಶ್ನೆ ಕೇಳೋದು ನಮ್ಮ ಕೈಯಲ್ಲಿದೆ. ಹಣ ಯಾರಿಂದ ಯಾರ ಕಡೆಗೆ ಹರಿಯುತ್ತೆ? ಈ ಎತ್ತರ ತಪ್ಪಾಗಿದ್ದರೆ ಮೊದಲು ಮುಳುಗೋದು ಯಾರು, ಅವರು ಈ ಕೋಣೆಯಲ್ಲಿದ್ದಾರಾ? ಇಲ್ಲ ಅನ್ನೋದೇ ಉತ್ತರವಾದರೆ ಅವರ ಪರವಾಗಿ ಒಂದು ತೂಬು ಇಡಿ. ಖರ್ಚು ಸ್ವಲ್ಪ ಜಾಸ್ತಿಯಾಗುತ್ತೆ, ರಿಲೀಸು ಒಂದು ವಾರ ತಡವಾಗುತ್ತೆ. ಆಗಲಿ.